ಮೇಲ್ಮನೆಗೆ ಯಾರು ಹತ್ತುವುದು?

ಡ್ವೇನ್: ನಾನು ಮೇಲೆ ಹತ್ತಲ್ಲ ಅಂದ್ರೆ ಹತ್ತಲ್ಲ. ಎಷ್ಟು ಸಲ ಹೇಳ್ಬೇಕು ನಿನಗೆ?

ಆರ್ಲಿನ್: ಹತ್ತಲೇಬೇಕು ಕಣಯ್ಯ. ನಾನು ಇಳೀತಿದೀನಿ, ನೀನು ಹತ್ತಬೇಕು. ಮಾತು ಅಂದ್ರೆ ಮಾತು.

ಡ್ವೇನ್: ನನಗೆ ಅರವತ್ತೊಂಬತ್ತು ವರ್ಷ ಮಾರಾಯ.

ಆರ್ಲಿನ್: ನನಗೆ ಎಪ್ಪತ್ತು. ಎಂಟು ವರ್ಷ ಮೇಲೇ ಇರಲಿಲ್ವಾ ನಾನು? ಏನಾಗಿದೆ ನನಗೆ?

ಡ್ವೇನ್: ಅದನ್ನ ನನ್ನ ಬಾಯಿಂದ ಹೇಳಿಸ್ಬೇಡ.

ಹಿಂದಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ಲವಾನ್‌ಗೆ ಇಷ್ಟು ಕೇಳಿಸಿತು. ಮಾರ್ಚ್ ತಿಂಗಳ ಮೊದಲ ಶನಿವಾರ. ಸೂರಿನ ಅಂಚಿಗೆ ಹಿಮ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಅದನ್ನು ಕೆಡವಬೇಕು, ಕೆಡವಬೇಕು ಎಂದು ಗಂಡ ಎರಡು ವಾರದಿಂದ ಹೇಳುತ್ತಲೇ ಇದ್ದ. ಕೈಯಲ್ಲಿದ್ದ ಟವೆಲನ್ನು ಕೆಳಗಿಡುವುದನ್ನೂ ಮರೆತು ಅವಳು ಅಡುಗೆಮನೆಗೆ ಧಾವಿಸಿದಳು.

ಲವಾನ್: ಆರ್ಲಿನ್, ನಿನ್ನ ತಲೆ ನೆಟ್ಟಗಿದೆಯಾ? ಹೋದ ವರ್ಷ ತಾನೇ ಮಂಡಿ ಚಿಪ್ಪು ಹಾಕಿಸ್ಕೊಂಡ ಮನುಷ್ಯನ್ನ ಮಾಡಿನ ಮೇಲೆ ಹತ್ತಿಸ್ತೀಯಾ? ಜಾರಿ ಬಿದ್ದು ಸೊಂಟ ಮುರಿದ್ರೆ ನೋಡ್ಕೊಳ್ಳೋರು ಯಾರು?

ಡ್ವೇನ್: ಹಾಗೆ ಹೇಳು ಲವಾನ್! ನಿನ್ನ ಬಾಯಿಗೆ ಸಕ್ಕರೆ ಹಾಕ!

ಆರ್ಲಿನ್: ಮಾಡಿನ ಮೇಲಲ್ಲ ಕಣೇ, ಮೇಲ್ಮನೆಗೆ!

ಲವಾನ್: ಮೇಲ್ಮನೆ ಆಗ್ಲಿ, ಅಟ್ಟ ಆಗ್ಲಿ, ಹತ್ತೋದು ಅದೇ ಲಟಲಟ ಅನ್ನೋ ಏಣಿ ತಾನೆ?

ಆರ್ಲಿನ್: ಸೆನೆಟ್ಟು ಕಣೇ, ಸೆನೆಟ್ಟು! ಅದಕ್ಕೆ ಏಣಿ ಇಲ್ಲ!

ಲವಾನ್: ಓ, ಅದಾ? ಮತ್ತೆ ಶುರುವಾಯ್ತಾ ನಿಮ್ಮ ಕುರ್ಚಿ ಆಟ!

ಟವೆಲನ್ನು ಹೆಗಲಿಗೆ ಎಸೆದುಕೊಂಡು ಅವಳು ಒಲೆಯ ಮೇಲಿದ್ದ ಕಾಫಿ ಪಾತ್ರೆಗೆ ಕೈ ಹಾಕಿದಳು. ಮೇಜಿನ ಮೇಲೆ ಎರಡು ನಾಮಪತ್ರ ಬಿಚ್ಚಿಕೊಂಡು ಬಿದ್ದಿದ್ದವು. ಒಂದು ಮೇಲ್ಮನೆಯದು, ಒಂದು ಕೆಳಮನೆಯದು. ಒಂದೊಂದರಲ್ಲೂ ಐವತ್ತು ಮತದಾರರ ಸಹಿಗೆ ಖಾಲಿ ಗೆರೆ. ಅವುಗಳ ನಡುವೆ ಪ್ಲಮ್ ಹಣ್ಣಿನ ಕೂಕನ್ ಎಂಬ ಕೇಕು ಇಟ್ಟಿದ್ದ ತಟ್ಟೆ. ಅವಳು ಬೆಳಿಗ್ಗೆ ಬೇಯಿಸಿದ್ದರಲ್ಲಿ ಈಗ ಎರಡೇ ತುಂಡು ಉಳಿದಿದ್ದವು.

ಆ ಇಬ್ಬರೂ ನೋರ್‌ಬರ್ಗ್ ಊರಿನ ಶಾಸಕರು. ಒಬ್ಬ ಅವಳ ಗಂಡ ಆರ್ಲಿನ್ ಹೌಗೆನ್, ಇನ್ನೊಬ್ಬ ಗಂಡನ ಶಾಲೆಯ ದಿನಗಳ ಗೆಳೆಯ ಡ್ವೇನ್ ಕ್ರೂಗರ್. ಆರು ವರ್ಷದ ಹಿಂದೆ ಡ್ವೇನನ ಹೆಂಡತಿ ತೀರಿಕೊಂಡಿದ್ದಳು. ದಕ್ಷಿಣ ಡಕೋಟದ ಕಾನೂನಿನ ಪ್ರಕಾರ ಯಾವ ಶಾಸಕನೂ ಒಂದೇ ಮನೆಯಲ್ಲಿ ಸತತವಾಗಿ ಎಂಟು ವರ್ಷಕ್ಕಿಂತ ಹೆಚ್ಚು ಕೂರುವ ಹಾಗಿಲ್ಲ. ಆದರೆ ಪಕ್ಕದ ಮನೆಗೆ ಹೋಗಿ ಕೂರಬಾರದೆಂದು ಅದೇ ಕಾನೂನು ಎಲ್ಲೂ ಹೇಳುವುದಿಲ್ಲ. ಮೊದಲ ಎಂಟು ವರ್ಷ ಡ್ವೇನ್ ಮೇಲಿದ್ದ, ಆರ್ಲಿನ್ ಕೆಳಗಿದ್ದ. ಆಮೇಲಿನ ಎಂಟು ವರ್ಷ ಅದಲು ಬದಲು. ಪ್ರತಿ ಚಳಿಗಾಲ ಅಧಿವೇಶನಕ್ಕೆ ಇಬ್ಬರೂ ಜೊತೆಯಾಗಿ ರಾಜಧಾನಿ ಪಿಯರ್‌ಗೆ ಹೋಗುತ್ತಿದ್ದರು. ಈಗ ಇಬ್ಬರ ಎಂಟೂ ತುಂಬಿ ಮತ್ತೆ ಅದಲು ಬದಲಾಗುವ ಕಾಲ ಬಂದಿತ್ತು.

ಲವಾನ್: ಈ ಕಾನೂನು ಬರಲಿ ಅಂತ ಕೈಲಿ ಹಾಳೆ ಹಿಡ್ಕೊಂಡು, ಮೂಗಲ್ಲಿ ನೀರು ಸುರಿಸ್ಕೊಂಡು ಮನೆ ಮನೆ ತಿರುಗಿದೋರು ಯಾರು ಅಂತ ನೆನಪಿದೆಯಾ ಇಬ್ಬರಿಗೂ?

ಆರ್ಲಿನ್: ಆ ವಿಷಯ ಯಾಕೀಗ?

ಲವಾನ್: ಮೂವತ್ತು ವರ್ಷದ ಹಿಂದೆ ಇದೇ ಮೇಜಿನ ಮುಂದೆ ಕೂತು, "ಹಳಬರು ಮನೆಗೆ ಹೋಗ್ಲಿ, ಹೊಸಬರು ಬರ್ಲಿ" ಅಂತ ಬೋರ್ಡು ಬರೆದ್ರಿ. ಮೇಜುಬಟ್ಟೆಗೆ ಅಂಟಿದ ಕೆಂಪು ಬಣ್ಣ ಇವತ್ತಿಗೂ ಹೋಗಿಲ್ಲ.

ಡ್ವೇನ್: ಅದು ಸೊರೆನ್ ವಿಕ್ ಮುದುಕನ್ನ ಇಳಿಸೋಕೆ ಮಾಡಿದ್ದು ಲವಾನ್. ಇಪ್ಪತ್ತಾರು ವರ್ಷದಿಂದ ಕೂತಿದ್ದ ಆಸಾಮಿ.

ಲವಾನ್: ಇಳಿದ್ನಾ?

ಡ್ವೇನ್: ಕಾನೂನು ಬರೋಕ್ಕಿಂತ ಮುಂಚೇನೇ ಅರಿಜೋನಕ್ಕೆ ಹೊರಟು ಹೋದ. ಬಿಸಿಲು ಕಾಯಿಸ್ಕೊಳ್ಳೋಕೆ.

ಲವಾನ್: ಅವನು ಬಿಸಿಲು ಕಾಯಿಸ್ಕೊಂಡ. ಕಾನೂನು ನಿಮ್ಮ ಕುತ್ತಿಗೆಗೆ ಬಂತು.

ಆರ್ಲಿನ್: ಈಗ ಬೇಕಾಗಿರೋದು ಚರಿತ್ರೆ ಅಲ್ಲ ಕಣೇ! ಈ ಮನುಷ್ಯ ಯಾಕೆ ಹತ್ತಲ್ಲ ಅಂತಿದಾನೆ, ಅದನ್ನ ಕೇಳು. ಅರ್ಧ ಗಂಟೆಯಿಂದ ಕೇಳ್ತಿದೀನಿ. ಕೂಕನ್ ಬಾಯಿಗಿಡ್ತಾನೆ, ತಲೆ ಅಲ್ಲಾಡಿಸ್ತಾನೆ. ಮತ್ತೆ ಕೂಕನ್ ಬಾಯಿಗಿಡ್ತಾನೆ.

ಡ್ವೇನ್ ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ವಾಪಸಿಟ್ಟ. ಗಂಟಲು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದ.

ಡ್ವೇನ್: ನನಗೆ ಬೇರೆ ಕಡೆಯಿಂದ ಕರೆ ಬಂದಿದೆ.

ಆರ್ಲಿನ್: ಏನು?

ಡ್ವೇನ್: ಕರೆ ಬಂದಿದೆ. ಒಪ್ಕೊಂಡಿದೀನಿ.

ಆರ್ಲಿನ್: ಅಂದ್ಕೊಂಡೆ! ಆ ಎಥನಾಲ್ ಕಂಪನಿಯವರು ಜನವರಿಯಿಂದ ನಿನ್ನ ಹಿಂದೇನೇ ಸುತ್ತುತ್ತಾ ಇದ್ರು. ಶಾಸನಸಭೆ ಮೊಗಸಾಲೇಲಿ ಬ್ಯಾಗು ಹಿಡ್ಕೊಂಡು, ನಗ್ತಾ ನಗ್ತಾ ಶಾಸಕರ ಭುಜ ತಟ್ಟೋ ಕೆಲಸ! ನಾಚಿಕೆ ಆಗಲ್ವಾ ನಿನಗೆ?

ಡ್ವೇನ್: ಅವರಲ್ಲ ಮಾರಾಯ.

ಆರ್ಲಿನ್: ಹಾಗಾದ್ರೆ ಟೆಲಿಫೋನಿನವರು. ಅದಕ್ಕಿಂತ ಕಡೆ!

ಡ್ವೇನ್: ಅವರೂ ಅಲ್ಲ.

ಆರ್ಲಿನ್: ಮತ್ತೆ? ಗವರ್ನರ್ ಆಗೋಕೆ ಹೊರಟಿದೀಯಾ? ಹೇಳ್ಬಿಡು! ಹದಿನಾರು ವರ್ಷ ಜೊತೇಲಿ ಇದ್ದೋನು, ಒಂದು ಮಾತು ನನ್ನ ಕಿವಿಗೆ ಹಾಕೋಕೆ ಆಗ್ಲಿಲ್ವಾ?

ಡ್ವೇನ್: ಕೆಲಸ ಅಲ್ಲ. ತುಂಬಾ ದಿನಕ್ಕೆ ಆಗೋ ಒಪ್ಪಂದ ಅದು. ಜೀವಮಾನದ್ದು.

ಆರ್ಲಿನ್: ಜೀವಮಾನದ್ದಾ! ಅದಕ್ಕೆ ಎಂಟು ವರ್ಷದ ಮಿತಿ ಇಲ್ವಾ? ಹಾಗಾದ್ರೆ ಖಂಡಿತ ನ್ಯಾಯಾಧೀಶನ ಕೆಲಸ. ಅಯ್ಯೋ, ನೀನು ಕಾನೂನು ಓದಿದ್ದು ಯಾವಾಗ? ಟ್ರಾಕ್ಟರ್ ಮಾರ್ತಿದ್ದೋನು ನೀನು!

ಡ್ವೇನನ ಕಿವಿ ಕೆಂಪಾಗಿದ್ದನ್ನು ಲವಾನ್ ನೋಡಿದಳು. ವಿಷಯ ಅವಳಿಗೆ ನವೆಂಬರ್‌ನಿಂದಲೇ ಗೊತ್ತಿತ್ತು. ಚರ್ಚಿನಲ್ಲಿ ಹಾಡಿನ ಅಭ್ಯಾಸ ನಡೆಯುವಾಗ ಲೈಬ್ರರಿಯ ಯೂನಿಸ್ ಅವಳ ಕಿವಿಯಲ್ಲಿ ಪಿಸುಗುಟ್ಟಿದ್ದಳು. ಗಂಡನಿಗೆ ಹೇಳಬೇಕಾದವನು ಡ್ವೇನ್ ಎಂದುಕೊಂಡು ಇವಳು ನಾಲ್ಕು ತಿಂಗಳಿನಿಂದ ಬಾಯಿ ಬಿಗಿಹಿಡಿದಿದ್ದಳು. ಈಗಲೂ ಬಿಡದೆ ಕಾಫಿ ಮಾತ್ರ ಬಗ್ಗಿಸಿದಳು.

ಡ್ವೇನ್: ಪಿಯರ್‌ನಲ್ಲಿ ಇನ್ನೊಂದು ಚಳಿಗಾಲ ಕಳೆಯೋದು ಬೇಡ ಅಂದಳು ಅವಳು.

ಆರ್ಲಿನ್: ಅವಳು? ಯಾವ ಅವಳು?

ಡ್ವೇನ್: ಯೂನಿಸ್.

ಆರ್ಲಿನ್: ಯೂನಿಸ್‌ಗೂ ಶಾಸನಸಭೆಗೂ ಏನು ಸಂಬಂಧ? ಪುಸ್ತಕ ತಡವಾಗಿ ವಾಪಸ್ ಮಾಡಿದೀಯಾ?

ಲವಾನ್‌ಗೆ ಇನ್ನು ತಡೆಯಲಾಗಲಿಲ್ಲ.

ಲವಾನ್: ಮದುವೆ ಆಗ್ತಿದಾನೆ ಕಣೋ ಪೆದ್ದ! ಮೇ ತಿಂಗಳಲ್ಲಿ!

ಆರ್ಲಿನ್ ಒಮ್ಮೆ ಹೆಂಡತಿಯ ಮುಖ ನೋಡಿದ, ಒಮ್ಮೆ ಗೆಳೆಯನ ಮುಖ ನೋಡಿದ.

ಆರ್ಲಿನ್: ನಿನಗೂ ಗೊತ್ತಿತ್ತಾ?

ಲವಾನ್: ಊರಿಗೆಲ್ಲ ಗೊತ್ತು.

ಆರ್ಲಿನ್: ಊರಿಗೆಲ್ಲ ಗೊತ್ತು! ಹದಿನಾರು ಚಳಿಗಾಲ ಒಂದೇ ಮೋಟೆಲ್ ರೂಮಲ್ಲಿ ಪಕ್ಕ ಪಕ್ಕ ಮಲಗಿದೀವಿ. ನಿನ್ನ ಗೊರಕೆ ಯಾವಾಗ ಏರುತ್ತೆ, ಯಾವಾಗ ಇಳಿಯುತ್ತೆ ಅಂತ ನನಗೆ ಬಾಯಿಪಾಠ. ನನ್ನೊಬ್ಬನಿಗೆ ಮಾತ್ರ ಹೇಳಲಿಲ್ಲ ನೀನು!

ಡ್ವೇನ್: ನೀನು ಎಲ್ಲಿ ಬಿಟ್ಟೆ ಬಾಯಿ ತೆಗೆಯೋಕೆ? ಒಂದಿನ ಶುರು ಮಾಡಿದೆ ಮಾರಾಯ. "ಆರ್ಲಿನ್, ನನ್ನ ಮನಸ್ಸಲ್ಲಿ ಒಂದು ವಿಷಯ ಇದೆ" ಅಂದೆ. ನೀನು "ಇರು, ಮೊದಲು ನನ್ನ ಭಾಷಣ ಕೇಳು" ಅಂದು ಹೆದ್ದಾರಿ ಮೋರಿಗಳ ಬಗ್ಗೆ ನಲವತ್ತು ನಿಮಿಷ ಮಾತಾಡಿದೆ. ಮೋರಿ ಮುಗಿಯೋ ಹೊತ್ತಿಗೆ ನನ್ನ ಪ್ರೀತಿ ತಣ್ಣಗಾಗಿತ್ತು.

ಲವಾನ್: ಅದೇ ಮೋರಿ ಭಾಷಣಾನ ನಾನು ಫೋನಲ್ಲಿ ಎರಡು ಸಲ ಕೇಳಿದೀನಿ ಡ್ವೇನ್. ನಿನ್ನ ಕಷ್ಟ ನನಗೆ ಅರ್ಥ ಆಗುತ್ತೆ.

ಆರ್ಲಿನ್ ನಗಲಿಲ್ಲ. ಹೆಬ್ಬೆರಳಿನಿಂದ ಕಪ್ಪಿನ ಅಂಚನ್ನು ಉಜ್ಜುತ್ತಾ ಕೂತ. ನಲವತ್ತಾರು ವರ್ಷ ಆ ಹೆಬ್ಬೆರಳನ್ನು ನೋಡಿದ್ದ ಲವಾನ್‌ಗೆ ಅವನ ಸಂಕಟ ಏನೆಂದು ಆಗ ತಿಳಿಯಿತು. ಅದು ಮೇಲ್ಮನೆಯ ಕುರ್ಚಿಯದಲ್ಲ. ಮುಂದಿನ ಜನವರಿಯಲ್ಲಿ ಆ ಮೋಟೆಲಿನ ಎರಡನೇ ಹಾಸಿಗೆ ಖಾಲಿ ಇರುತ್ತದಲ್ಲ, ಅದರದು.

ಆರ್ಲಿನ್: ಯೂನಿಸ್ ಒಬ್ಬಳೇ ಹೇಗೆ ಸಹಿಸ್ಕೊಳ್ತಾಳೋ ನಿನ್ನ ಗೊರಕೆ.

ಡ್ವೇನ್: ಅವಳಿಗೆ ಒಂದು ಕಿವಿ ಕೇಳಿಸಲ್ಲ.

ಆರ್ಲಿನ್: ಯಾವ ಕಡೆದು?

ಡ್ವೇನ್: ಬಲಗಡೆದು. ನಾನು ಆ ಕಡೇನೇ ಮಲಗ್ಬೇಕು ಅಂತ ಈಗ್ಲೇ ತೀರ್ಮಾನ ಮಾಡಿದಾಳೆ.

ಆರ್ಲಿನ್: ಮದುವೇಲಿ ಗೆಳೆಯ ಅಂತ ನಿನ್ನ ಪಕ್ಕ ಯಾರು ನಿಂತ್ಕೊಳ್ತಾರೆ?

ಡ್ವೇನ್: ಅದನ್ನ ಕೇಳೋಕೇ ಕಣಯ್ಯ ನಾನು ಬಂದಿದ್ದು! ಬಾಗಿಲು ತೆಗೀತಿದ್ದ ಹಾಗೇ ನೀನು ಹಾಳೆ ಹರಡಿ ಕೂತೆ.

ಆರ್ಲಿನ್ ಎದ್ದು ಹೋಗಿ ಸಿಂಕಿನ ಮುಂದೆ ಬೆನ್ನು ಹಾಕಿ ನಿಂತ. ತೊಳೆದ ಕಪ್ಪನ್ನೇ ಮತ್ತೊಮ್ಮೆ ತೊಳೆದ. ಲವಾನ್ ಆ ಕಡೆ ನೋಡದ ಹಾಗೆ ಟವೆಲನ್ನು ಮಡಚಿದಳು.

ಆರ್ಲಿನ್: (ತಿರುಗದೆ) ಸೂಟು ಕಪ್ಪಾ, ಬೂದಿ ಬಣ್ಣದ್ದಾ?

ಡ್ವೇನ್: ನಿನಗೆ ಯಾವುದರ ಗುಂಡಿ ಹಾಕೋಕೆ ಆಗುತ್ತೋ ಅದು.

ಅಷ್ಟರಲ್ಲಿ ಗೋಡೆಯ ಫೋನು ಬಡಿದುಕೊಂಡಿತು. ಆರ್ಲಿನ್ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಎದೆ ಸೆಟೆಸಿ, ರಿಸೀವರ್ ಎತ್ತಿದ.

ಆರ್ಲಿನ್: ಸೆನೆಟರ್ ಹೌಗೆನ್ ಮಾತಾಡ್ತಿದೀನಿ.

ಆ ಕಡೆ ಹಿಲ್ಡಾ ಶಾಟ್ಸ್. ಎಂಬತ್ತೊಂದು ವರ್ಷದ ಹಿಲ್ಡಾ ಫೋನಿನಲ್ಲಿ ಮಾತಾಡಿದರೆ ಮನೆಯವರೆಲ್ಲರಿಗೂ ಕೇಳಿಸುತ್ತಿತ್ತು.

ಹಿಲ್ಡಾ: ಓ, ನೀವಾ? ಲವಾನ್ ಇಲ್ವಾ?

ಆರ್ಲಿನ್: ಇದಾಳೆ. ಏನು ವಿಷಯ ಹೇಳಿ ಹಿಲ್ಡಾ, ಸೆನೆಟರ್ ನಾನೇ ಅಲ್ವಾ?

ಹಿಲ್ಡಾ: ಗೊತ್ತು ಸೆನೆಟರೇ, ಗೊತ್ತು. ಬೇಜಾರು ಮಾಡ್ಕೋಬೇಡಿ. ಇದು ಸ್ವಲ್ಪ ಕೆಲಸದ ವಿಷಯ.

ಡ್ವೇನ್ ಕೂಕನ್ ನೆತ್ತಿಗೇರಿಸಿಕೊಂಡು ಕೆಮ್ಮಿದ. ಆರ್ಲಿನ್ ರಿಸೀವರನ್ನು ಹೆಂಡತಿಯ ಕೈಗೆ ಕೊಟ್ಟ.

ಲವಾನ್: ಹಿಲ್ಡಾ, ಹೇಳಿ. ಹೂಂ, ಗುರುವಾರ ಮಾತಾಡಿದೆ ಅವರ ಜೊತೆ. ಇಲ್ಲ, ನಿಮ್ಮೆಜಮಾನ್ರನ್ನ ಅಷ್ಟು ದೂರ ಕಳ್ಸೋದು ಬೇಡ, ಹನ್ನೆರಡು ಮೈಲಿ ದೂರದಲ್ಲೇ ಒಂದು ವೃದ್ಧಾಶ್ರಮದಲ್ಲಿ ಹಾಸಿಗೆ ಖಾಲಿ ಆಗ್ತಿದೆ. ಸೋಮವಾರ ಹತ್ತು ಗಂಟೆಗೆ ಅಲ್ಲಿನ ಆಫೀಸ್ ಹುಡುಗಿಗೆ ಫೋನ್ ಮಾಡಿ, ಲವಾನ್ ಹೇಳಿದ್ಲು ಅನ್ನಿ. ಕಾಗದ ಕೇಳಿದ್ರೆ ನಾನೇ ಬಂದು ತುಂಬ್ಕೊಡ್ತೀನಿ. ಅಳ್ಬೇಡಿ ಹಿಲ್ಡಾ. ಮೊದಲು ಊಟ ಮಾಡಿ.

ಅವಳು ಫೋನಿಟ್ಟು, ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರದ ಚೌಕದೊಳಗೆ ಏನೋ ಬರೆದಳು. ಆ ಚೌಕದಲ್ಲಿ ಆಗಲೇ ಐದು ಹೆಸರುಗಳಿದ್ದವು. ತಿರುಗಿ ನೋಡಿದರೆ ಇಬ್ಬರು ಗಂಡಸರೂ ಅವಳನ್ನೇ ನೋಡುತ್ತಿದ್ದರು.

ಲವಾನ್: ಏನು? ನನ್ನ ಮುಖಕ್ಕೆ ಹಿಟ್ಟು ಮೆತ್ಕೊಂಡಿದೆಯಾ?

ಡ್ವೇನ್: ಆರ್ಲಿನ್, ನಾನು ಅಂದ್ಕೊಂಡಿದ್ದೇ ನೀನೂ ಅಂದ್ಕೊಂಡ್ಯಾ?

ಆರ್ಲಿನ್: ನಾನು ಮೊದಲು ಅಂದ್ಕೊಂಡೆ. ಲವಾನ್, ಕೂತ್ಕೋ. ನೋಡು, ನಾನು ಕೆಳಮನೆಗೆ ಇಳೀತೀನಿ, ಅದೇನೂ ತೊಂದರೆ ಇಲ್ಲ. ಮೇಲ್ಮನೆ ಕುರ್ಚಿ ಖಾಲಿ ಬಿಟ್ರೆ ಆ ಸೈಟು ಮಾರೋ ಟ್ರೆವರ್ ಬಂದು ಕೂರ್ತಾನೆ. ಅವನಿಗೆ ಗೋಧಿ ಯಾವುದು, ಬಾರ್ಲಿ ಯಾವುದು ಅಂತ್ಲೂ ಗೊತ್ತಿಲ್ಲ. ಒಂದು ಅವಧಿ ಹೊರಗಿದ್ರೆ ಸಾಕು, ನಾನು ಮತ್ತೆ ಮೇಲೆ ಹತ್ತಬಹುದು ಅನ್ನುತ್ತೆ ಕಾನೂನು. ಎರಡೇ ಎರಡು ವರ್ಷ. ಅಲ್ಲೀವರೆಗೆ ನೀನು ಸುಮ್ನೆ ಕೂತು ಕುರ್ಚಿ ಬೆಚ್ಚಗಿಟ್ಟಿರು.

ಲವಾನ್: ಬೆಚ್ಚಗಿಡೋಕೆ ನಾನೇನು ಕಾವು ಕೂತ ಕೋಳಿನಾ?

ಆರ್ಲಿನ್: ಮಾತಿಗೆ ಹೇಳಿದೆ ಕಣೇ.

ಲವಾನ್: ನೀನು ಮಾತಿಗೆ ಹೇಳಿ ಹೇಳಿಯೇ ಹದಿನಾರು ವರ್ಷ ಆಯ್ತು. ಶಾಲೆ ಬಸ್ಸು ಹಿಲ್ಡಾ ಮೊಮ್ಮಕ್ಕಳ ಮನೆ ಮುಂದೆ ನಿಲ್ಲೋ ಹಾಗೆ ಮಾಡಿದ್ದು ಯಾರು?

ಆರ್ಲಿನ್: ನಾನು... ಅಂದ್ರೆ, ಭಾಷಣ ಮಾಡಿದೆ.

ಲವಾನ್: ಫೋನ್ ಯಾರು ಮಾಡಿದ್ದು?

ಆರ್ಲಿನ್: ನೀನು.

ಲವಾನ್: ಎಷ್ಟು?

ಆರ್ಲಿನ್: ಲೆಕ್ಕ ಇಟ್ಟಿಲ್ಲ.

ಲವಾನ್: ನಾನೂ ಇಟ್ಟಿಲ್ಲ. ಇಟ್ಟಿದ್ರೆ ನೀನು ಇವತ್ತು ಈ ಮೇಜಿನ ಹತ್ರ ಕೂತಿರ್ತಿರಲಿಲ್ಲ.

ಡ್ವೇನ್: ಅಂದ್ರೆ ನಿಲ್ಲಲ್ಲ ಅಂತೀಯಾ ಲವಾನ್?

ಲವಾನ್ ಕಿಟಕಿಯ ಕಡೆ ತಿರುಗಿದಳು. ಪ್ರತಿ ಜನವರಿಯಲ್ಲೂ ಈ ಇಬ್ಬರ ಕಾರು ಹಿಮದ ರಸ್ತೆಯಲ್ಲಿ ಮರೆಯಾಗುವಾಗ ಅವಳು ಇದೇ ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು. ಮೊದಲ ಎರಡು ದಿನ ಮನೆಯ ನಿಶ್ಶಬ್ದ ಹಿತವಾಗಿರುತ್ತಿತ್ತು. ಅವಳು ಇಷ್ಟಬಂದ ಚಾನೆಲ್ ನೋಡುತ್ತಿದ್ದಳು, ಬೆಳಗಿನ ತಿಂಡಿಗೆ ಐಸ್‌ಕ್ರೀಮ್ ತಿನ್ನುತ್ತಿದ್ದಳು. ಮೂರನೇ ದಿನದಿಂದ ವಾರಾಂತ್ಯ ಯಾವಾಗ ಬರುತ್ತದೋ ಎಂದು ದಿನ ಎಣಿಸುತ್ತಿದ್ದಳು. ಇದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ. ಗಂಡನ ಹತ್ತಿರವಂತೂ ಹೇಳುವ ಮಾತೇ ಇರಲಿಲ್ಲ. ಹೇಳಿದ್ದರೆ ಅದನ್ನೂ ಭಾಷಣಕ್ಕೆ ಸೇರಿಸಿಬಿಡುತ್ತಿದ್ದ.

ಲವಾನ್: ನಿಲ್ತೀನಿ.

ಆರ್ಲಿನ್: ನೋಡಿದ್ಯಾ! ನಾನು ಹೇಳಲಿಲ್ವಾ...

ಲವಾನ್: ಇನ್ನೂ ಮುಗಿದಿಲ್ಲ. ಎರಡು ವರ್ಷಕ್ಕೆ ನಾನು ನಿಲ್ಲಲ್ಲ. ಕಾನೂನು ಎಷ್ಟು ಕೊಡುತ್ತೆ?

ಆರ್ಲಿನ್: ಎಂಟು.

ಲವಾನ್: ಎಂಟೂ ನನಗೇ ಬೇಕು.

ಆರ್ಲಿನ್: ಎಂಟು ವರ್ಷ! ಅಲ್ಲೀವರೆಗೆ ನಾನು ಕೆಳಗೇ ಬಿದ್ದಿರ್ಬೇಕಾ?

ಲವಾನ್: ಜನ ಆರಿಸಿದ್ರೆ ಇರು. ಆರಿಸಲಿಲ್ಲ ಅಂದ್ರೆ ಮನೇಲಿರು, ಫೋನ್ ಎತ್ತು.

ಆರ್ಲಿನ್: ಆಮೇಲೆ ನನ್ನ ಮಸೂದೆ ಕೆಳಗಿಂದ ಪಾಸಾಗಿ ನಿನ್ನ ಹತ್ರ ಮೇಲೆ ಬಂದ್ರೆ? ಓಟು ಹಾಕ್ತೀಯಾ?

ಲವಾನ್: ಓದಿ ನೋಡ್ತೀನಿ.

ಆರ್ಲಿನ್: ಓದ್ತೀಯಾ?

ಲವಾನ್: ಹೂಂ ಮತ್ತೆ. ಅದನ್ನ ಯಾರಾದ್ರೂ ಒಬ್ಬರು ಓದ್ಬೇಕಲ್ಲ.

ಡ್ವೇನ್: ಆರ್ಲಿನ್, ಈಗ್ಲೂ ಹೇಳ್ತೀನಿ ಕೇಳು, ಟ್ರೆವರೇ ಬಂದಿದ್ರೆ ನಿನಗೆ ಒಳ್ಳೇದಿತ್ತು.

ಆರ್ಲಿನ್ ಹೆಂಡತಿಯನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ. ಆಮೇಲೆ ಕೇಳಬೇಕೋ ಬೇಡವೋ ಎಂದು ತಡವರಿಸಿ ಕೇಳಿದ.

ಆರ್ಲಿನ್: ಪಿಯರ್‌ಗೆ... ನೀನೂ ಬರ್ತೀಯಾ ಹಾಗಾದ್ರೆ? ಅದೇ ರೂಮಿಗೆ?

ಲವಾನ್: ಬರದೆ? ಅಧಿವೇಶನಾನ ಇಲ್ಲಿಗೆ ತರಿಸ್ಕೊಳ್ಳೋಕಾಗುತ್ತಾ?

ಆರ್ಲಿನ್: ಕಿಟಕಿ ಪಕ್ಕದ ಹಾಸಿಗೆ ನಂದು. ಹದಿನಾರು ವರ್ಷದಿಂದ ನಂದು.

ಲವಾನ್: ಹದಿನಾರಾ? ಹಾಗಾದ್ರೆ ನಿನ್ನ ಮಿತಿ ಎರಡು ಸಲ ಮುಗಿದಿದೆ. ಬಾಗಿಲ ಪಕ್ಕಕ್ಕೆ ಹೋಗು.

ಈ ಸಲ ಆರ್ಲಿನ್ ಜೋರಾಗಿ ನಕ್ಕುಬಿಟ್ಟ. ಮೇಲ್ಮನೆಯ ನಾಮಪತ್ರವನ್ನು ಎಳೆದುಕೊಂಡು, ಅಭ್ಯರ್ಥಿಯ ಹೆಸರಿನ ಜಾಗದಲ್ಲಿ ಹೆಂಡತಿಯ ಹೆಸರನ್ನು ದೊಡ್ಡ ಅಕ್ಷರದಲ್ಲಿ, ಒಂದೂ ತಪ್ಪಿಲ್ಲದೆ ಬರೆದ. ಮೊದಲ ಸಹಿ ಯಾರದೆಂದು ಗೆಳೆಯರಿಬ್ಬರೂ ಒಂದು ಗಳಿಗೆ ಜಗಳವಾಡಿದರು. ಡ್ವೇನ್ ಪೆನ್ನು ಕಿತ್ತುಕೊಂಡು ಗೆದ್ದ.

ಊಟ ಮುಗಿದ ಮೇಲೆ ಇಬ್ಬರೂ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು, ಒಬ್ಬೊಬ್ಬರು ಹಾಳೆ ಸಿಕ್ಕಿಸಿದ ಒಂದೊಂದು ರಟ್ಟು ಹಿಡಿದು ಹೊರಟರು. ಲವಾನಳ ಹಾಳೆ ಡ್ವೇನನ ಕೈಯಲ್ಲಿ, ಆರ್ಲಿನನದು ಅವನ ಕೈಯಲ್ಲೇ. ಲವಾನ್ ಮನೆಯಲ್ಲಿದ್ದು ಆ ದಿನ ಬಂದ ಏಳು ಫೋನುಗಳನ್ನೂ ಎತ್ತಿದಳು. ತಾನು ಚುನಾವಣೆಗೆ ನಿಲ್ಲುತ್ತಿರುವುದನ್ನು ಒಬ್ಬರಿಗೂ ಹೇಳಲಿಲ್ಲ. ಹೇಳುವುದಕ್ಕೆ ನಾಚಿಕೆಯಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಅವರು ಮೂಗು ಕೆಂಪು ಮಾಡಿಕೊಂಡು ವಾಪಸು ಬಂದರು. ಡ್ವೇನ್ ಬೂಟು ಬಿಚ್ಚುವುದಕ್ಕೆ ಮುಂಚೆಯೇ ಹಾಳೆಯನ್ನು ಮೇಜಿನ ಮೇಲಿಟ್ಟ.

ಡ್ವೇನ್: ಐವತ್ತು ತುಂಬ್ತು, ಹಿಂದುಗಡೆ ಇನ್ನೂ ಒಂಬತ್ತು ಜನ ಬರೆದಿದಾರೆ. ಬೇಡ ಅಂದ್ರೂ ಕೇಳಲಿಲ್ಲ. ಮೆಥಡಿಸ್ಟ್ ಚರ್ಚಿನ ಪಾದ್ರಿ ರಸ್ತೆ ದಾಟಿ ಓಡಿ ಬಂದ್ರು.

ಲವಾನ್ ಹಾಳೆಯನ್ನು ಹತ್ತಿರ ಎಳೆದುಕೊಂಡಳು. ಆ ಹೆಸರುಗಳ ಮೇಲೆ ಮೇಲಿನಿಂದ ಕೆಳಗೆ ಬೆರಳಾಡಿಸಿದಳು. ಒಂದೊಂದು ಹೆಸರಿನ ಹಿಂದೆಯೂ ಅವಳು ಎಂದೋ ಮಾಡಿದ ಒಂದೊಂದು ಫೋನು ಇತ್ತು.

ಲವಾನ್: ಆರ್ಲಿನ್, ನಿನಗೆ?

ಆರ್ಲಿನ್: ಹನ್ನೊಂದು.

ಲವಾನ್: ಹನ್ನೊಂದೇನಾ?

ಆರ್ಲಿನ್: ಬಾಗಿಲು ತೆಗೆದೋರೆಲ್ಲ ಮೊದಲು ಇವನ ಕೈಲಿರೋ ಹಾಳೇಗೆ ಸಹಿ ಹಾಕ್ತಾರೆ. ಆಮೇಲೆ ನನ್ನ ನೋಡಿ, "ಇದೇನು, ನೀವೂ ಯಾವುದಕ್ಕಾದ್ರೂ ನಿಂತಿದೀರಾ?" ಅಂತ ಕೇಳ್ತಾರೆ.

ಲವಾನ್: ಆದ್ರೂ ಹನ್ನೊಂದು ಜನ ಹಾಕಿದಾರಲ್ಲ, ಅವರು ಒಳ್ಳೇ ಮಾತು ಹೇಳಿರ್ಬೇಕು.

ಆರ್ಲಿನ್: ಹೇಳಿದ್ರು. ಗೋದಾಮಿನ ಪಕ್ಕದ ಮನೆ ಮಿಸೆಸ್ ಬೀಬರ್ ಕನ್ನಡಕ ಹಾಕ್ಕೊಂಡು, ನನ್ನ ಹಾಳೇನ ಪೂರ್ತಿ ಓದಿ, ಪೆನ್ನು ತಗೊಂಡ್ರು.

ಲವಾನ್: ಏನಂದ್ರು?

ಆರ್ಲಿನ್ ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿದ.

ಆರ್ಲಿನ್: "ಹಾಕ್ತೀನಿ ಬಿಡಿ ಸೆನೆಟರೇ, ಹಿಮದಲ್ಲಿ ಲವಾನ್‌ಗೆ ಕಾರು ಓಡಿಸೋಕೆ ಒಬ್ಬರು ಬೇಕಲ್ಲ" ಅಂದ್ರು.